ಕಾರ್ಡಿನಲ್ಲಿ ಇಲ್ಲದ ಉತ್ತರ

ಒಂದೇ ಕ್ಲಿನಿಕ್ಕಿಗೆ ಎರಡು ಬಾಗಿಲು ಇಡಬಾರದಿತ್ತು ಎಂದು ದೊಡ್ಡ ಡಾಕ್ಟರಿಗೆ ಈಗೀಗ ದಿನಾ ಅನಿಸುತ್ತಿತ್ತು. ಇಡಿಸಿದವರು ಬೇರೆ ಯಾರೂ ಅಲ್ಲ, ಅವರೇ. ತಮ್ಮನ ಹೆಂಡತಿಯೂ ಡಾಕ್ಟರು, ಮನೆಯ ಹುಡುಗಿ, ಹೊರಗೆಲ್ಲೋ ಹೋಗಿ ಯಾಕೆ ದುಡಿಯಬೇಕು ಎಂದು, ಔಷಧಿಯ ಪೆಟ್ಟಿಗೆಗಳನ್ನು ತುಂಬಿಡುತ್ತಿದ್ದ ಪಕ್ಕದ ಕೋಣೆಯನ್ನು ಖಾಲಿ ಮಾಡಿಸಿ, ಗೋಡೆ ಒಡೆಸಿ, ಬಾಗಿಲು ಇಡಿಸಿ ಅವಳನ್ನು ಅಲ್ಲಿ ಕೂರಿಸಿದ್ದರು. ಆಗ ಅವರಿಗೆ ಹೆಮ್ಮೆಯೋ ಹೆಮ್ಮೆ. ಬಂದವರಿಗೆಲ್ಲ “ಇವಳು ನಮ್ಮ ಚಿಕ್ಕ ಡಾಕ್ಟ್ರು” ಎಂದು ತಾವೇ ಪರಿಚಯ ಮಾಡಿಸಿದ್ದರು. ರೋಗಿಗಳು ಆ ಹೆಸರನ್ನು ಹಾಗೇ ಉಳಿಸಿಕೊಂಡರು. ಬರಬರುತ್ತಾ ಆ ಬಾಗಿಲಿಗೇ ಅಂಟಿಕೊಂಡರು.

ಈಗ ನೋಡಿದರೆ, ಕಾಯುವ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ ಜನವೆಲ್ಲ ಅವಳ ಬಾಗಿಲಿನ ಕಡೆಗೇ ಮುಖ ಮಾಡಿ ಕೂತಿರುತ್ತಾರೆ. ದೊಡ್ಡ ಡಾಕ್ಟರ ಬಾಗಿಲ ಪಕ್ಕದ ಕುರ್ಚಿಗಳ ಮೇಲೆ ಆ ಜನರ ಚೀಲಗಳು ಕೂತಿರುತ್ತವೆ. “ಇಲ್ಲಿ ಖಾಲಿ ಇದೆ, ಬನ್ನಿ” ಎಂದು ಅವರೇ ಬಾಗಿಲಲ್ಲಿ ನಿಂತು ಕರೆದರೆ, ತಲೆ ಎತ್ತಿ, ಹಲ್ಲು ಕಿರಿದು, “ಪರವಾಗಿಲ್ಲ ಡಾಕ್ಟ್ರೇ, ನಾವು ಕಾಯ್ತೀವಿ” ಎನ್ನುತ್ತಾರೆ. ಕಾಯುತ್ತಾರಂತೆ! ಇವರ ಅಪ್ಪಂದಿರ ಕೆಮ್ಮಿಗೆ ಔಷಧಿ ಕೊಟ್ಟವರು ಯಾರು, ಇವರ ಮಕ್ಕಳ ದಡಾರ ಕಂಡುಹಿಡಿದವರು ಯಾರು? ದೊಡ್ಡ ಡಾಕ್ಟರ ಹೊಟ್ಟೆಯೊಳಗೆ ಬೆಂಕಿ ಹಾಕಿದ ಹಾಗಾಗುತ್ತಿತ್ತು.

ಗೋಡೆಯೂ ತೆಳ್ಳಗಿತ್ತು. ರೋಗಿಗಳಿಲ್ಲದ ಹೊತ್ತಿನಲ್ಲಿ, ಅಂದರೆ ದಿನದ ಬಹುಪಾಲು, ಅವರು ಮೈಯೆಲ್ಲ ಕಿವಿಯಾಗಿ ಕೂತಿರುತ್ತಿದ್ದರು. ಪ್ರತಿಯೊಬ್ಬ ರೋಗಿಯೂ ಎದ್ದು ಹೊರಡುವಾಗ ಆ ಕಡೆಯಿಂದ ಅವಳ ಒಂದೇ ಮಾತು ಕೇಳಿಸುತ್ತಿತ್ತು: “ಇನ್ನೇನಾದ್ರೂ ಹೇಳೋದಿದ್ಯಾ?” ಆಮೇಲೆ ಕುರ್ಚಿ ಎಳೆದು ಮತ್ತೆ ಕೂತ ಸದ್ದು. ಅದರ ಹಿಂದೆಯೇ ಅಳುವೋ, ಗಂಡನ ದೂರೋ, ಎದೆಯಲ್ಲಿ ಸಿಕ್ಕಿದ ಗಂಟಿನ ಸುದ್ದಿಯೋ. ಎದ್ದು ಹೊರಟವರನ್ನು ಕರೆದು ಕೂರಿಸಿ ಕಾಯಿಲೆ ಕೇಳುವುದು ಯಾವ ಸೀಮೆಯ ವೈದ್ಯ ಎಂದು ಅವರು ಗೊಣಗಿಕೊಂಡರು. ಹಾಗೆಂದು ಸುಮ್ಮನಿರಲೂ ಆಗದೆ ಒಂದು ದಿನ ತಮ್ಮ ರೋಗಿಗೂ ಅದೇ ಪ್ರಶ್ನೆ ಹಾಕಿ ನೋಡಿದರು. ಆತ ಸ್ವಲ್ಪ ಯೋಚಿಸಿ, “ನಿಮ್ಮ ಫ್ಯಾನು ಬಹಳ ಸದ್ದು ಮಾಡುತ್ತೆ ಡಾಕ್ಟ್ರೇ” ಎಂದು ಹೇಳಿ ಹೋದ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಇತ್ತೀಚೆಗೆ ಅವಳು ಅವರ ಕೆಲಸಕ್ಕೂ ಕೈ ಹಾಕತೊಡಗಿದ್ದಳು. ಗಾಯಕ್ಕೆ ಹೊಲಿಗೆ ಹಾಕುವುದರಲ್ಲಿ ದೊಡ್ಡ ಡಾಕ್ಟರದು ಎತ್ತಿದ ಕೈ. ಅಂಥದ್ದರಲ್ಲಿ, ಕೈ ಕೊಯ್ದುಕೊಂಡು ಬಂದ ಬಡಗಿಯೊಬ್ಬನ ಮುಂದೆಯೇ “ಭಾವ, ಇದನ್ನ ನಾನು ಹಾಕ್ತೀನಿ ಬಿಡಿ” ಎಂದು ಸೂಜಿ ತೆಗೆದುಕೊಂಡುಬಿಟ್ಟಳು. ಒಂದು ವಾರ ಅವರು ಅವಳ ಜೊತೆ ಮಾತಾಡಲಿಲ್ಲ. ಆಮೇಲೆ ಔಷಧಿ ಅಂಗಡಿಯವನಿಗೆ ಇವರ ಚೀಟಿ ಓದಲು ಆಗುತ್ತಿಲ್ಲವೆಂದು ಇಬ್ಬರ ಮೇಜಿಗೂ ಕಂಪ್ಯೂಟರು ತರಿಸಿದಳು. ಅಕ್ಷರ ಸ್ವಲ್ಪ ಸಣ್ಣದಾಗಿದೆ, ನಿಜ. ಅದಕ್ಕೆ ಅಂಗಡಿಯವನು ಕನ್ನಡಕ ಹಾಕಿಕೊಳ್ಳಲಿ! ಬಲಭುಜ ಹಿಡಿದುಕೊಂಡ ಮೇಲೆ ಬರೆಯುವುದು ಕಷ್ಟವಾಗಿತ್ತು. ಅದು ವಯಸ್ಸಿಗೆ ಬರುವ ಭುಜದ ಬಿಗಿತ ಎಂದು ಅವರೇ ತೀರ್ಮಾನ ಮಾಡಿ, ಅವರೇ ಮಾತ್ರೆ ಬರೆದುಕೊಂಡು, ಅವರೇ ನುಂಗುತ್ತಿದ್ದರು. ಬೇರೆ ಡಾಕ್ಟರಿಗೆ ತೋರಿಸುವ ಯೋಚನೆಯೇ ಬರಲಿಲ್ಲ. ಬೇರೆ ಡಾಕ್ಟರು ಎಂದರೆ ಪಕ್ಕದ ಕೋಣೆಯವಳೇ ತಾನೆ?

“ರೀ, ಸುಮ್ನೆ ಹೊಟ್ಟೆ ಉರ್ಕೊಳ್ಳೋದು ಬಿಡಿ,” ಎಂದು ಹೆಂಡತಿ ಒಂದು ಬೆಳಿಗ್ಗೆ ಹೇಳಿಯೇಬಿಟ್ಟಳು. “ಒಲೆ ಪಕ್ಕದಲ್ಲೇ ನಿಂತಿದೀರಿ, ಹಾಲು ಸೀದು ಕರಕಲಾಗಿದೆ. ಮನೆಯೆಲ್ಲ ನಾರ್ತಿದೆ. ನಿಮ್ಮ ತಲೇಲಿ ಅವಳೊಬ್ಳೇನಾ ಇರೋದು?”

“ನನಗೆ ವಾಸನೆ ಬರ್ಲಿಲ್ಲ ಕಣೆ.”

“ಮೂಗು ಕ್ಲಿನಿಕ್ಕಲ್ಲಿ ಬಿಟ್ಟು ಬಂದಿರ್ಬೇಕು, ಅವಳ ಬಾಗಿಲ ಹತ್ರ.”

ಇಂಥ ದಿನಗಳಲ್ಲೇ ಶಿಬಿರ ಬಂತು. ಕುಟುಂಬ ವೈದ್ಯರಿಗೆ ಹೊಸದನ್ನು ಕಲಿಸುವ ಈ ಶಿಬಿರಗಳಿಗೆ ಆಗಾಗ ಹೋಗಿ ಕೂತು ಅಂಕ ಗಿಟ್ಟಿಸದಿದ್ದರೆ ವೈದ್ಯರ ನೋಂದಣಿ ನವೀಕರಣವಾಗುವುದಿಲ್ಲ. ಹಳಬರೆಲ್ಲ ಬಂದು, ಸಹಿ ಹಾಕಿ, ಹಿಂದಿನ ಸಾಲಿನಲ್ಲಿ ಕೂತು, ಪರದೆಯ ಮೇಲೆ ಚಿತ್ರ ಬೀಳುತ್ತಿದ್ದ ಹಾಗೆ ತೂಕಡಿಸುವುದು ವಾಡಿಕೆ. ಚಿಕ್ಕ ಡಾಕ್ಟರು ಮಾತ್ರ ಮುಂದಿನ ಸಾಲಿನಲ್ಲಿ ಕೂತು ಕೈ ಎತ್ತೆತ್ತಿ ಪ್ರಶ್ನೆ ಕೇಳುತ್ತಿದ್ದಳು. ದೊಡ್ಡ ಡಾಕ್ಟರು ಯಾವುದಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದವರು, ಈ ಸಲ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಎಲ್ಲರಿಗಿಂತ ಮೊದಲೇ ಹೋಗಿ ಕೂತರು.

ಅದಕ್ಕೆ ಕಾರಣವಿತ್ತು. ಶಿಬಿರ ನಡೆಸುತ್ತಿದ್ದವರು ಅಲ್ಲಿದ್ದ ಅರ್ಧ ಜನರಿಗೆ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿದ್ದ ಹಳೆಯ ಮೇಷ್ಟ್ರು. ಅವರಿಗೆ ವಯಸ್ಸಾಗಿತ್ತು. ಇನ್ನು ಮುಂದೆ ತಮ್ಮ ಜಾಗದಲ್ಲಿ ನಿಂತು ಕಲಿಸಲು ಕುಟುಂಬ ವೈದ್ಯರಲ್ಲೇ ಒಬ್ಬರನ್ನು ಇವತ್ತು ಆರಿಸುತ್ತೇನೆ ಎಂದು ಅವರು ಹೇಳಿಕಳಿಸಿದ್ದರು. ಆ ಜಾಗ ತಮ್ಮದೇ ಎಂದು ದೊಡ್ಡ ಡಾಕ್ಟರು ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲಿ ಟವೆಲ್ ಹಾಕಿ ಇಟ್ಟಿದ್ದರು. ಆದರೆ ಅವತ್ತು ಒಳಗೆ ಬಂದವರೆಲ್ಲ ಚಿಕ್ಕ ಡಾಕ್ಟರ ಕೈ ಕುಲುಕಿ, “ಇನ್ನು ನೀವೇ ಬಿಡಿ” ಎನ್ನುತ್ತಿದ್ದರು. ತಮಗೆ ಸಿಗದಿದ್ದರೆ ಹಾಳಾಗಿ ಹೋಗಲಿ, ಅವಳಿಗೆ ಮಾತ್ರ ಸಿಗಬಾರದು ಎಂದು ಅವರು ಹಲ್ಲು ಕಡಿದುಕೊಂಡರು. ಇಷ್ಟು ಕೆಟ್ಟ ಆಸೆ ತಮ್ಮದೇ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಅದು ಕಡಿಮೆಯಾಗಲಿಲ್ಲ.

ಪರೀಕ್ಷೆ ಹೀಗಿತ್ತು. ಒಬ್ಬ ಡಾಕ್ಟರು ರೋಗಿಯ ವೇಷ ಹಾಕಬೇಕು, ಇನ್ನೊಬ್ಬರು ಡಾಕ್ಟರಾಗಿಯೇ ಇರಬೇಕು, ಉಳಿದವರು ಸುತ್ತ ಕೂತು ನೋಡಬೇಕು. ರೋಗಿಯ ಕೈಗೆ ಒಂದು ಕಾರ್ಡು ಕೊಡುತ್ತಾರೆ. ಅವನು ಯಾರು, ಏನೆಂದು ಬಂದಿದ್ದಾನೆ, ಏನನ್ನು ಮುಚ್ಚಿಡುತ್ತಿದ್ದಾನೆ ಎಂದು ಅದರಲ್ಲಿರುತ್ತದೆ. ಗಂಟೆ ಬಾರಿಸುವುದರೊಳಗೆ ಡಾಕ್ಟರು ಆ ಮುಚ್ಚಿಟ್ಟದ್ದನ್ನು ಹೊರಗೆ ತೆಗೆಯಬೇಕು.

“ಕಾರ್ಡಿನಲ್ಲಿ ಇಲ್ಲದ್ದೇನಾದ್ರೂ ಕೇಳಿದ್ರೆ ತಡವರಿಸ್ಬೇಡಿ,” ಎಂದು ಮೇಷ್ಟ್ರು ನಿಯಮ ಹೇಳಿದರು. “ಆ ಕ್ಷಣಕ್ಕೆ ಬಾಯಿಗೆ ಬಂದ ಉತ್ತರ ಕೊಡಿ.”

ಚಿಕ್ಕ ಡಾಕ್ಟರ ಸರದಿ ಬಂದಾಗ, ರೋಗಿ ಯಾರಾಗುತ್ತೀರಿ ಎಂದು ಮೇಷ್ಟ್ರು ಕೇಳಿ ಮುಗಿಸುವ ಮೊದಲೇ ದೊಡ್ಡ ಡಾಕ್ಟರು ಎದ್ದು ನಿಂತಿದ್ದರು. ಮನೆಯವರೇ ಎಂದು ಎಲ್ಲರೂ ನಕ್ಕರು.

ಅವರು ಕಾರ್ಡು ತೆಗೆದುಕೊಂಡು ಓದಿದರು. ‘ನೀವು ದರ್ಜಿ. ನಿದ್ದೆ ಬರುತ್ತಿಲ್ಲ, ಮಾತ್ರೆ ಬೇಕು ಎಂದು ಬಂದಿದ್ದೀರಿ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಕೂತು ಕುಡಿಯುತ್ತಿದ್ದೀರಿ. ಅದನ್ನು ನೀವಾಗಿ ಹೇಳಬೇಡಿ. ಮನೆಯ ವಿಷಯ ಕೇಳಿದರೆ, ಅಥವಾ ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರೆ ಮಾತ್ರ ಹೇಳಿ.’ ಅವಳ ಬಾಯಲ್ಲಿ ದಿನಾ ಆಡುವ ಪ್ರಶ್ನೆಯನ್ನೇ ತಂದು ಬೀಗದ ಕೈ ಮಾಡಿ ಇಟ್ಟಿದ್ದಾರಲ್ಲ! ಕಣ್ಣು ಮುಚ್ಚಿ ಗೆಲ್ಲುತ್ತಾಳೆ. ಗಂಟೆ ಹೊಡೆಯುವವರೆಗೂ ಅವಳು ಆ ಪ್ರಶ್ನೆಯ ಹತ್ತಿರ ಬಾರದ ಹಾಗೆ ಮಾಡಬೇಕು, ಅವಳನ್ನು ಬೇರೆ ದಾರಿಗೆ ಎಳೆದು ಸುತ್ತಿಸಬೇಕು. ದರ್ಜಿಗೆ ಭುಜ ನೋವು ಬರುವುದು ಸಹಜವೇ. ತಮ್ಮ ಭುಜವನ್ನೇ ಅವನಿಗೆ ಕೊಟ್ಟರಾಯಿತು.

“ಬನ್ನಿ, ಕೂತ್ಕೊಳ್ಳಿ. ಏನು ತೊಂದ್ರೆ?” ಎಂದಳು ಚಿಕ್ಕ ಡಾಕ್ಟರು.

“ನಿದ್ದೆ ಬರಲ್ಲ ಡಾಕ್ಟ್ರೇ. ಒಂದು ಮಾತ್ರೆ ಬರ್ಕೊಡಿ, ಹೋಗ್ತೀನಿ. ಈ ಭುಜ ಬೇರೆ ಹಿಡ್ಕೊಂಡಿದೆ, ಮಗ್ಗುಲು ತಿರುಗೋಕೂ ಆಗಲ್ಲ.”

ಅವಳ ಪೆನ್ನು ನಿಂತಿತು. ಅವಳು ಅವರ ಭುಜ ನೋಡಿದಳು, ಆಮೇಲೆ ಮುಖ ನೋಡಿದಳು.

“ಯಾವ ಭುಜ?”

“ಬಲಗಡೇದು.”

“ನೋವು ಜಾಸ್ತಿನಾ, ಬಿಗಿತ ಜಾಸ್ತಿನಾ?”

“ಬಿಗಿತಾನೇ. ಎಣ್ಣೆ ಕಾಣದ ಬಾಗಿಲಿನ ಹಾಗೆ.”

ಸುತ್ತಲಿದ್ದವರು ನಕ್ಕರು. ದೊಡ್ಡ ಡಾಕ್ಟರಿಗೆ ಹುರುಪು ಬಂತು.

“ಕೆಲಸಕ್ಕೆ ತೊಂದ್ರೆ ಆಗ್ತಿದ್ಯಾ? ಗುಂಡಿ ಹಾಕೋದು, ಅಳತೆ ಬರ್ಕೊಳ್ಳೋದು?”

“ಅಕ್ಷರ ಸಣ್ಣ ಆಗ್ಬಿಟ್ಟಿದೆ. ಶುರು ಮಾಡ್ವಾಗ ಸರಿಯಾಗೇ ಇರುತ್ತೆ, ಸಾಲು ಮುಗಿಯೋ ಹೊತ್ತಿಗೆ ಇರುವೆ ಹಾಗಾಗುತ್ತೆ.”

“ವಾಸನೆ ಗೊತ್ತಾಗುತ್ತಾ?”

ಆಗ ದೊಡ್ಡ ಡಾಕ್ಟರಿಗೆ ಅವಳು ಎಲ್ಲಿಗೆ ಹೊರಟಿದ್ದಾಳೆಂದು ಹೊಳೆಯಿತು. ಪಾರ್ಕಿನ್ಸನ್! ಕೈಕಾಲಿನ ಚಲನೆಯನ್ನು ಮೆಲ್ಲಮೆಲ್ಲನೆ ಕಟ್ಟಿಹಾಕುವ ಆ ನಡುಕದ ಕಾಯಿಲೆಯನ್ನು ಪಾಪದ ದರ್ಜಿಯ ತಲೆಗೆ ಕಟ್ಟಲು ಹೊರಟಿದ್ದಾಳೆ. ಅದು ಎಷ್ಟೋ ಸಲ ಭುಜದ ಬಿಗಿತವಾಗಿ ಶುರುವಾಗುತ್ತದೆ, ವಾಸನೆ ಮೊದಲೇ ಹೋಗುತ್ತದೆ, ಅಕ್ಷರ ಕುಗ್ಗುತ್ತದೆ. ಇದೆಲ್ಲ ಅವರಿಗೆ ಗೊತ್ತಿಲ್ಲದ್ದೇನಲ್ಲ. ಅವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೋಗು, ಹೋಗು, ಇನ್ನೂ ದೂರ ಹೋಗು ಎಂದುಕೊಂಡು ಬಾಯಿಗೆ ಬಂದ ಉತ್ತರಗಳನ್ನು ಒಂದೊಂದಾಗಿ ಅವಳ ಮುಂದೆ ಇಡತೊಡಗಿದರು.

“ಎಲ್ಲಿ ವಾಸನೆ! ಮೊನ್ನೆ ಹಾಲು ಸೀದು ಕರಕಲಾಯ್ತು. ಹೆಂಡ್ತಿ ಬಂದು ಬೈದ ಮೇಲೇ ಗೊತ್ತಾಗಿದ್ದು.”

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ದೊಡ್ಡ ಡಾಕ್ಟರು ಅದನ್ನು ಗಮನಿಸಲಿಲ್ಲ.

“ನಿದ್ದೇಲಿ ಕೂಗಾಡ್ತೀರಾ, ಕೈಕಾಲು ಒದರ್ತೀರಾ?” ಅವಳ ದನಿ ಯಾಕೋ ಇಳಿದಿತ್ತು.

“ಒದರೋದಾ? ಪಕ್ಕದಲ್ಲಿ ಮಲಗೋರು ದಿಂಬು ಎತ್ಕೊಂಡು ಬೇರೆ ಕೋಣೆಗೆ ಹೋಗಿದಾರೆ.”

ಮತ್ತೆ ನಗು. ಅವಳೊಬ್ಬಳು ನಗಲಿಲ್ಲ. “ಎದ್ದು ಆ ಬಾಗಿಲ ತನಕ ನಡೆದು ಬರ್ತೀರಾ?” ಎಂದಳು. ಅವರು ಎದ್ದು, ಈಚೆಗೆ ಸದಾ ಜೇಬಿನಲ್ಲೇ ಇರುತ್ತಿದ್ದ ಬಲಗೈಯನ್ನು ತೆಗೆದು, ನಡೆದು ಬಂದರು. “ಇನ್ನೊಂದ್ಸಲ,” ಎಂದಳು. ಅವರು ಇನ್ನೊಂದು ಸಲ ನಡೆಯುತ್ತಿರುವಾಗಲೇ ಗಂಟೆ ಹೊಡೆಯಿತು. ಆ ಪ್ರಶ್ನೆಯನ್ನು ಅವಳು ಕೇಳಿರಲಿಲ್ಲ.

“ಏನಮ್ಮಾ, ಏನು ಸಿಕ್ತು?” ಎಂದರು ಮೇಷ್ಟ್ರು.

ಅವಳು ಬರೆದುಕೊಂಡಿದ್ದ ಹಾಳೆಯನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡಳು. “ನಿದ್ದೆ ಬರಲ್ಲ ಅಂತ ಬಂದ್ರು ಸರ್. ಯಾಕೆ ಅನ್ನೋದು ನನಗೆ ಸಿಗ್ಲಿಲ್ಲ,” ಎಂದಳು.

ದೊಡ್ಡ ಡಾಕ್ಟರು ಕಾರ್ಡನ್ನು ಎಲ್ಲರಿಗೂ ಕೇಳುವ ಹಾಗೆ, ಬಿಡಿಸಿ ಬಿಡಿಸಿ ಓದಿದರು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. “ಮನೆ ಬಗ್ಗೆ ಒಂದು ಮಾತು ಕೇಳ್ಲಿಲ್ಲ ನೋಡಿ. ಭುಜ ಹಿಡ್ಕೊಂಡು ನೇತಾಡಿದ್ರು!” ಎಂದು ಸೇರಿಸಿದರು. ಹಿಂದಿನ ಸಾಲು ಗೊಳ್ಳೆಂದಿತು.

“ತೀರಿಹೋದ ಹೆಂಡ್ತಿ ಬಂದು ಬೈದ್ಲೇನಯ್ಯಾ?” ಎಂದು ಮೇಷ್ಟ್ರು ಅವರನ್ನೂ ಬಿಡಲಿಲ್ಲ. ಆಮೇಲೆ ಅವಳ ಕಡೆ ತಿರುಗಿ, “ಆದ್ರೂ ನೀನು ಇಷ್ಟು ದಾರಿ ತಪ್ತೀಯ ಅಂದ್ಕೊಂಡಿರ್ಲಿಲ್ಲಮ್ಮ,” ಎಂದರು.

“ಹೌದು ಸರ್,” ಎಂದಳು.

ಚಹದ ಹೊತ್ತಿನಲ್ಲಿ ಅವಳು ಮೆಟ್ಟಿಲ ತಿರುವಿನ ಕಿಟಕಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಗೆದ್ದವರಿಗೆ ಉದಾರ ಬುದ್ಧಿ ಬರುವುದುಂಟು. ದೊಡ್ಡ ಡಾಕ್ಟರು ಎರಡು ಬಿಸ್ಕತ್ತು ಹಿಡಿದುಕೊಂಡು ಅವಳ ಹತ್ತಿರ ಹೋದರು.

“ಬೇಜಾರು ಮಾಡ್ಕೋಬೇಡ. ಎಂಥವರಿಗೂ ಒಂದೊಂದ್ಸಲ ತಪ್ಪುತ್ತೆ.”

“ಭಾವ, ಭುಜದ ವಿಷಯ ಕಾರ್ಡಿನಲ್ಲಿ ಇರ್ಲಿಲ್ಲ.”

“ಇಲ್ಲ. ಅದು ನಾನು ಸೇರಿಸಿದ್ದು,” ಎಂದರು, ಸ್ವಲ್ಪ ಜಂಬದಿಂದಲೇ.

“ವಾಸನೆ?”

“ಅದೂ ನಾನೇ.”

“ಅಕ್ಷರ? ನಿದ್ದೇಲಿ ಒದರೋದು? ಅಕ್ಕ ದಿಂಬು ಎತ್ಕೊಂಡು ಆಚೆ ಕೋಣೆಗೆ ಹೋಗಿದ್ದು?”

ಬಿಸ್ಕತ್ತು ಬಾಯಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು. ದರ್ಜಿಯ ಮೇಲೆ ಹೊರಿಸಿದ್ದನ್ನೆಲ್ಲ ಅವಳು ಒಂದೊಂದಾಗಿ ಇಳಿಸಿ ಅವರ ಕಾಲ ಬಳಿ ಇಟ್ಟಿದ್ದಳು.

“ನೀವು ನಡೀವಾಗ ಎಡಗೈ ಬೀಸ್ತಿತ್ತು. ಬಲಗೈ ಅಲುಗಾಡ್ಲಿಲ್ಲ ಭಾವ. ಅದಕ್ಕೇ ಎರಡು ಸಲ ನಡೆಸ್ದೆ.”

“ಯಾವಾಗಿಂದ ಗೊತ್ತು ನಿನಗೆ?”

“ಅನುಮಾನ ಇತ್ತು. ಕ್ಲಿನಿಕ್ಕಲ್ಲಿ ಕೇಳಿದ್ರೆ ನೀವು ಉತ್ತರ ಕೊಡ್ತಿದ್ರಾ? ಹೊಲಿಗೆ ನಾನು ಹಾಕ್ತೀನಿ ಅಂದಿದ್ದಕ್ಕೇ ಮಾತು ಬಿಟ್ರಿ. ಇವತ್ತು ನೀವು ರೋಗಿ ಆಗಿ ಎದುರು ಕೂತ್ರಿ, ನಾನು ಕೇಳಿದ್ದಕ್ಕೆಲ್ಲ ಹೇಳಿದ್ರಿ. ಗಂಟೆ ಹೊಡೆಯೋದ್ರೊಳಗೆ ಎಷ್ಟಾಗುತ್ತೋ ಅಷ್ಟು ಕೇಳ್ಕೊಂಡೆ.”

“ಅಲ್ಲೇ ಯಾಕೆ ಹೇಳ್ಲಿಲ್ಲ? ಮೇಷ್ಟ್ರು ಕೇಳಿದ್ರಲ್ಲ!”

“ಅಷ್ಟು ಜನದ ಮುಂದೆ ನಿಮ್ಮ ಕಾಯಿಲೆ ಹೇಳಿ ಚಪ್ಪಾಳೆ ತಗೊಳ್ಳಾ ಭಾವ?”

ಅವಳು ಒಳಗೆ ಹೋದಳು. ದೊಡ್ಡ ಡಾಕ್ಟರು ಗೋಡೆಗೆ ಒರಗಿ ನಿಂತರು. ಅವರಿಗೆ ಮೊದಲು ಭಯವಾಗಬೇಕಿತ್ತು. ಆಗಲಿಲ್ಲ. ಮೊದಲು ಬಂದದ್ದು ಅದೇ ಹಳೆಯ ಹೊಟ್ಟೆಕಿಚ್ಚು. ಇಷ್ಟು ವರ್ಷ ಊರ ಮಂದಿಯ ಮೈಯನ್ನೆಲ್ಲ ಓದಿದವರು ತಾವು, ತಮ್ಮ ಮೈಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದನ್ನು ಕಂಡವಳು ಅವಳು! ಭಯ ಅದರ ಹಿಂದೆಯೇ ಬಂತು.

ಶಿಬಿರ ಮುಗಿಯುವಾಗ ಮೇಷ್ಟ್ರು ಮುಂದಿನ ತರಬೇತುದಾರರ ಹೆಸರು ಹೇಳಲು ಎದ್ದು ನಿಂತರು. ಆಗಲೂ ಹೊತ್ತು ಮೀರಿರಲಿಲ್ಲ. ಎದ್ದು “ಒಂದು ನಿಮಿಷ ಮೇಷ್ಟ್ರೇ” ಎಂದಿದ್ದರೆ ಸಾಕಿತ್ತು. ದೊಡ್ಡ ಡಾಕ್ಟರು ಏಳಲು ಹೋದರು. ಒಳಗೆ ಕೂತಿದ್ದ ಕಿಚ್ಚು, ‘ಸುಮ್ಮನಿರು, ಅವಳೇ ಒಪ್ಪಿಕೊಂಡಿದ್ದಾಳಲ್ಲ’ ಎಂದು ಅಂಗಿ ಹಿಡಿದು ಕೂರಿಸಿತು. ಮೇಷ್ಟ್ರು ಹಿಂದಿನ ಸಾಲಿನ ಬೋಳುತಲೆ ಡಾಕ್ಟರ ಹೆಸರು ಹೇಳಿದರು. ಆತ ತೂಕಡಿಕೆಯಿಂದ ಎಚ್ಚೆತ್ತು, ಯಾರಿಗೋ ಚಪ್ಪಾಳೆ ಎಂದುಕೊಂಡು ತಾನೂ ತಟ್ಟಿದ. ಚಿಕ್ಕ ಡಾಕ್ಟರೂ ತಟ್ಟಿದಳು. ಅವಳ ಮುಖದ ಮೇಲೆ ನಗು ಇತ್ತು, ಕಣ್ಣಲ್ಲಿ ಇರಲಿಲ್ಲ. ಅದನ್ನು ನೋಡಿದರೆ ಖುಷಿಯಾಗುತ್ತದೆ ಎಂದು ಎಷ್ಟು ದಿನದಿಂದ ಕಾದಿದ್ದರೋ, ಆಗಲಿಲ್ಲ.



ಮರುದಿನ ಬೆಳಿಗ್ಗೆ ದೊಡ್ಡ ಡಾಕ್ಟರು ಕ್ಲಿನಿಕ್ಕಿಗೆ ಬಂದವರು ತಮ್ಮ ಕೋಣೆಯ ಬೀಗ ತೆಗೆಯಲಿಲ್ಲ. ಅವಳ ಬಾಗಿಲ ಎದುರಿನ ಬೆಂಚಿನಲ್ಲಿ, ಜನರ ನಡುವೆ ಸ್ವಲ್ಪ ಜಾಗ ಮಾಡಿಸಿಕೊಂಡು ಕೂತರು. ಪಕ್ಕದಲ್ಲಿದ್ದ ಅಜ್ಜಿ ಒಂದು ಕಾಲದಲ್ಲಿ ಅವರದೇ ರೋಗಿ.

“ಏನು ದೊಡ್ಡ ಡಾಕ್ಟ್ರೇ, ದಾರಿ ತಪ್ಪಿ ಈ ಕಡೆ ಬಂದ್ರಾ?”

“ಇಲ್ಲಜ್ಜಿ. ತೋರಿಸ್ಕೋಬೇಕು.”

“ತೋರಿಸ್ಕೊಳ್ಳಿ. ನಮ್ದಾದ ಮೇಲೆ.”

ಅವರು ಕಾದರು. ಅಲ್ಲಿಂದ ನೋಡಿದರೆ ತಮ್ಮ ಬಾಗಿಲು ಹೇಗೆ ಕಾಣುತ್ತದೆ ಎಂದು ಅವರಿಗೆ ಆವತ್ತು ಗೊತ್ತಾಯಿತು. ಬೀಗ ಹಾಕಿದ್ದಕ್ಕೂ ತೆರೆದಿದ್ದಕ್ಕೂ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಒಳಗೆ ಹೋದವರೊಬ್ಬೊಬ್ಬರೂ ಹಗುರಾಗಿ ಹೊರಗೆ ಬರುವುದನ್ನು ನೋಡುತ್ತಾ ಅವರ ಹೊಟ್ಟೆ ಉರಿಯಿತು. ಉರಿಯುತ್ತಿದ್ದ ಹೊಟ್ಟೆಯನ್ನು ಹಿಡಿದುಕೊಂಡೇ ಅವರು ಎದ್ದು ಹೋಗದೆ ಕೂತಿದ್ದರು.

ಸರದಿ ಬಂತು. ಅವಳು ಅವರನ್ನು ಕಂಡು ಎದ್ದು ನಿಲ್ಲಲು ಹೋಗಿ, ಏನನ್ನೋ ತಿಳಿದುಕೊಂಡು ಕೂತಳು. ಬೇರೆ ಯಾವ ರೋಗಿಯನ್ನಾದರೂ ನೋಡುವ ಹಾಗೆಯೇ ನೋಡಿದಳು. ಬೆರಳು ತಟ್ಟಿಸಿದಳು, ತೋಳು ಮಡಿಸಿ ಬಿಡಿಸಿದಳು, ಒಂದು ಸಾಲು ಬರೆಸಿದಳು. ನರರೋಗ ತಜ್ಞರಿಗೆ ಪತ್ರ ಬರೆದು ಕೊಟ್ಟಳು. “ಅವರು ನೋಡೋ ತನಕ ನಾವೇ ಹೆಸರಿಡೋದು ಬೇಡ. ಅದೇ ಆಗಿದ್ರೂ ಔಷಧಿ ಇದೆ ಭಾವ, ಬಹಳ ವರ್ಷ ಕೆಲಸ ಮಾಡಬಹುದು. ನಿಮಗೆ ನಾನು ಹೇಳ್ಬೇಕಾ?”

“ಹೇಳು,” ಎಂದರು ಅವರು. “ಯಾರೂ ಹೇಳಿಲ್ಲ ನನಗೆ.”

ಹೇಳಿದಳು. ಅವರು ಕೇಳಿಸಿಕೊಂಡರು, ಪತ್ರ ಮಡಿಸಿ ಜೇಬಿಗಿಟ್ಟುಕೊಂಡು ಎದ್ದರು. ಬಾಗಿಲ ಹತ್ತಿರ ಹೋಗಿದ್ದರು.

“ಇನ್ನೇನಾದ್ರೂ ಹೇಳೋದಿದ್ಯಾ?”

ಗೋಡೆಯ ಆಚೆಯಿಂದ ಎಷ್ಟು ಸಲ ಕೇಳಿದ್ದ ಮಾತು! ಈ ಕಡೆಯಿಂದ ಕೇಳಿದಾಗ ಅದು ಬೇರೆಯೇ ಇತ್ತು. ಅವರು ವಾಪಸು ಬಂದು ಕುರ್ಚಿ ಎಳೆದುಕೊಂಡು ಕೂತರು.

“ಇದೆ. ಹೊಟ್ಟೆಕಿಚ್ಚು. ನಿನ್ನ ಮೇಲೆ. ಬಹಳ ದಿನದಿಂದ.”

“ಗೊತ್ತು ಭಾವ. ಗೋಡೆ ತೆಳ್ಳಗಿದೆಯಲ್ಲ, ನೀವು ಗೊಣಗೋದು ಈ ಕಡೆಗೂ ಕೇಳ್ಸುತ್ತೆ.”

ದೊಡ್ಡ ಡಾಕ್ಟರಿಗೆ ನಗು ಬಂತು. ಕಿಚ್ಚು ಇನ್ನೂ ಆರಿರಲಿಲ್ಲ. ನಾಳೆಯೂ ಆರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವರು ಎಡಗೈಯಿಂದ ಫೋನು ತೆಗೆದು ಮೇಷ್ಟ್ರ ನಂಬರು ಒತ್ತಿದರು. ಬೇಡ ಎನ್ನಲು ಅವಳು ಕೈ ಚಾಚಿದಳು, ಅವರು ತಲೆಯಾಡಿಸಿದರು.

“ಮೇಷ್ಟ್ರೇ, ನಾನು. ನಿನ್ನೆ ಆ ದರ್ಜಿ ವಿಷಯ... ಅವಳಿಗೆ ತಪ್ಪಿರ್ಲಿಲ್ಲ. ಅವಳು ನೋಡಿದ್ದು ದರ್ಜೀನಲ್ಲ, ನನ್ನ. ಎಲ್ಲ ಸರಿಯಾಗೇ ಕಂಡುಹಿಡಿದ್ಲು, ನನ್ನ ಮರ್ಯಾದೆಗೆ ಅಂತ ಬಾಯಿ ಮುಚ್ಕೊಂಡ್ಲು. ನಾನೂ ಮುಚ್ಕೊಂಡೆ, ಬೇರೆ ಕಾರಣಕ್ಕೆ... ಹೌದು, ಕಾಯಿಲೆ ನನಗೆ. ಎಲ್ರಿಗೂ ಹೇಳಿ, ಪರವಾಗಿಲ್ಲ.”

ಆ ಕಡೆಯಿಂದ ಮೇಷ್ಟ್ರು ಏನೇನೋ ಕೇಳುತ್ತಿದ್ದರು. ದೊಡ್ಡ ಡಾಕ್ಟರ ಬಲಗೈ ಅವಳ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಅದರ ಹೆಬ್ಬೆರಳು ತನ್ನಷ್ಟಕ್ಕೆ ನಡುಗುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಅವರು ಕೈಯನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ.